ಚಿಲ್ಲರೆಯ ಸಂಕೋಚ

ಕುಳಿತು ತಿನ್ನುವ ಹೋಟೆಲುಗಳಲ್ಲಿ ಬಿಲ್ಲಿನ ಜೊತೆಗೆ ಸೋಂಪು ಇಟ್ಟು ತರುವ ಪದ್ಧತಿಯನ್ನು ಆರಂಭಿಸಿದವರು ಯಾರೋ, ಅವರಿಗೆ ಮನುಷ್ಯನ ಸಂಕೋಚದ ಸ್ವಭಾವ ಚೆನ್ನಾಗಿ ತಿಳಿದಿರಬೇಕು. ಸೋಂಪು ಅಗಿಯುವಷ್ಟು ಹೊತ್ತು ಗಿರಾಕಿಗೆ ಲೆಕ್ಕ ಹಾಕಲು ಬಿಡುವು ಸಿಗುತ್ತದೆ. ಸಪ್ಲೈಯರನೂ ಪಕ್ಕದ ಮೇಜನ್ನು ಒರೆಸುವ ನೆಪದಲ್ಲಿ ಮುಖ ತಿರುಗಿಸಿಕೊಳ್ಳುತ್ತಾನೆ. ಐವತ್ತು ರೂಪಾಯಿ ಮರಳಿಸಬೇಕಾದಾಗ ಪಳಗಿದ ಸಪ್ಲೈಯರ್ ಒಂದೇ ನೋಟನ್ನು ತರುವುದಿಲ್ಲ. ಎರಡು ಇಪ್ಪತ್ತು, ಒಂದು ಹತ್ತು ತಂದು, ಹತ್ತನ್ನು ಬಿಟ್ಟರೆ ಸಾಮಾನ್ಯ, ಇಪ್ಪತ್ತನ್ನು ಬಿಟ್ಟರೆ ದೊಡ್ಡ ಮನಸ್ಸು ಎಂಬುದನ್ನು ಬಾಯಿ ತೆರೆಯದೆಯೇ ತಿಳಿಸುತ್ತಾನೆ.

ಎಷ್ಟು ಕೊಡಬೇಕೆಂಬುದನ್ನು ಮಾತ್ರ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಅಮೆರಿಕದಲ್ಲಿ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ನೇರವಾಗಿ ಕೊಡಲೇಬೇಕಾದ ಕನಿಷ್ಠ ಗಂಟೆಗೂಲಿ ಒಕ್ಕೂಟದ ಕಾನೂನಿನಂತೆ 1991ರಿಂದಲೂ 2.13 ಡಾಲರಿನಲ್ಲೇ ನಿಂತಿರುವುದರಿಂದ, ಅಲ್ಲಿ ಶೇಕಡಾ 15–20 ಕೊಡುವುದು ಔದಾರ್ಯವಲ್ಲ, ಸಂಬಳದ ಭಾಗ. ಅಲ್ಲಿಂದ ರಜೆಗೆ ಬಂದ ನೆಂಟರು ಇಲ್ಲಿಯೂ ಅದೇ ಲೆಕ್ಕದಲ್ಲಿ ನೋಟು ಬಿಟ್ಟು ಏಳುವಾಗ, ಜೊತೆಗಿದ್ದ ಹಿರಿಯರು ‘ನಾಳೆ ಬರುವವರ ಗತಿಯೇನು?’ ಎಂದು ಗೊಣಗುವುದುಂಟು. ಆ ಗೊಣಗಾಟದಲ್ಲಿ ನನ್ನ ದನಿಯೂ ಸೇರಿರುತ್ತದೆ.

ದೊಡ್ಡ ಹೋಟೆಲುಗಳು ಬಿಲ್ಲಿನಲ್ಲೇ ಸೇವಾ ಶುಲ್ಕವನ್ನು ಸೇರಿಸಿ ಈ ಯೋಚನೆಯಿಂದ ನಮ್ಮನ್ನು ಪಾರು ಮಾಡಲು ನೋಡಿದವು. ಅದನ್ನು ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನ್ಯಾಯವೇ ಸರಿ. ಆದರೆ ‘ಇದನ್ನು ತೆಗೆದುಹಾಕಿ’ ಎಂದು ಸಮವಸ್ತ್ರ ತೊಟ್ಟು ನಗುತ್ತ ನಿಂತವನ ಮುಂದೆ ಹೇಳಲು ಬೇಕಾದ ಗಟ್ಟಿತನವನ್ನು ಯಾವ ನ್ಯಾಯಾಲಯ ಕೊಟ್ಟೀತು?

ಬೆಂಗಳೂರಿನ ದರ್ಶಿನಿಗಳು ಸಪ್ಲೈಯರನನ್ನೇ ಕೈಬಿಟ್ಟು ಸಮಸ್ಯೆಯನ್ನು ಬುಡದಲ್ಲೇ ಕತ್ತರಿಸಿದವು. ಆದರೂ ಹೆಂಚಿನ ಮುಂದೆ ಬೆವರುತ್ತ ದೋಸೆ ಹುಯ್ಯುವವನನ್ನೂ, ನಾವು ಬಿಟ್ಟುಹೋದ ಲೋಟಗಳನ್ನು ಬಕೆಟ್ಟಿಗೆ ತುಂಬುವ ಹೆಂಗಸನ್ನೂ ಕಂಡಾಗ, ಇಷ್ಟು ವರ್ಷ ಮೇಜಿನ ಮೇಲೆ ಬಿಟ್ಟದ್ದೆಲ್ಲ ಸೇವೆಗಲ್ಲ, ಎದುರಿಗಿದ್ದ ಮುಖಕ್ಕೆ ಎನಿಸುತ್ತದೆ. ಆ ಹೆಂಗಸಿಗೆ ಹತ್ತು ರೂಪಾಯಿ ಕೊಡಲು ಹೋದರೆ ಅವರೇ ಗಾಬರಿಯಾಗುತ್ತಾರೆ.

ಈಗ ಫೋನಿನಲ್ಲಿ ಪೈಸೆ ಸಹಿತ ಕರಾರುವಾಕ್ಕಾಗಿ ಹಣ ಹೋಗುವುದರಿಂದ ‘ಚಿಲ್ಲರೆ ಇಟ್ಕೊಳ್ಳಿ’ ಎನ್ನುವ ಸೌಕರ್ಯವೂ ಹೋಗಿದೆ. ಚಿಲ್ಲರೆ ಬಿಟ್ಟುಬರುವುದರಲ್ಲಿ ಕೊಟ್ಟವನಿಗೆ ಕೊಟ್ಟೆನೆಂಬ ಭಾರವಿರಲಿಲ್ಲ, ಪಡೆದವನಿಗೆ ಕೈಚಾಚಿದ ಮುಜುಗರವಿರಲಿಲ್ಲ. ಇಪ್ಪತ್ತು ರೂಪಾಯಿ ಕೊಡಲು ಅವನ ನಂಬರ್ ಕೇಳಿ, ಪರದೆಯ ಮೇಲೆ ಮೂಡಿದ ಹೆಸರನ್ನು ಓದಿ ಖಚಿತಪಡಿಸಿಕೊಂಡು, ಗುಪ್ತ ಸಂಖ್ಯೆ ಒತ್ತುವಷ್ಟರಲ್ಲಿ ಅದು ಸಾಲ ತೀರಿಸಿದಂತೆ ಕಾಣತೊಡಗುತ್ತದೆ.

ಹಾಗಾಗಿ ನಾನು ಹತ್ತರ ನೋಟುಗಳನ್ನು ಜೇಬಿನಲ್ಲಿ ಕೂಡಿಟ್ಟುಕೊಳ್ಳುತ್ತೇನೆ. ಅವು ಸಿಗುವುದು ಸಿಟಿ ಬಸ್ಸಿನಲ್ಲಿ, ನೂರರ ನೋಟು ಚಾಚಿ ಕಂಡಕ್ಟರರಿಂದ ಬೈಸಿಕೊಂಡರೆ ಮಾತ್ರ. ಅವರೋ ಕೆಲವೊಮ್ಮೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ. ಅದನ್ನು ಕೇಳಲು ಮರೆತು ಇಳಿದುಬಿಟ್ಟರೆ, ಕೊಡಬೇಕೋ ಬೇಡವೋ ಎಂಬ ಯೋಚನೆಯೇ ಇಲ್ಲದೆ ಆ ದಿನದ ಟಿಪ್ಸ್ ಸಂದಾಯವಾಗಿರುತ್ತದೆ.