ಮುತ್ತಜ್ಜಿಯ ಫೋಟೋದ ಅಂಚು ಕತ್ತರಿಸಬೇಡಿ

ಈಚೆಗೆ ಫೇಸ್‌ಬುಕ್ ತುಂಬ ಮುತ್ತಜ್ಜ ಮುತ್ತಜ್ಜಿಯರು ಬಣ್ಣ ಬಳಿದುಕೊಂಡು ಬರುತ್ತಿದ್ದಾರೆ. ಹಳೇ ಫೋಟೋವನ್ನು ಆ್ಯಪಿಗೆ ಕೊಟ್ಟರೆ ಕಲೆ ಹೋಗುತ್ತದೆ, ಸೀರೆಗೆ ಬಣ್ಣ ಬರುತ್ತದೆ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೆ ಮುಖವಷ್ಟನ್ನೇ ಉಳಿಸಿಕೊಂಡು ಸುತ್ತಲಿನದನ್ನು ಕತ್ತರಿಸಿ ಎಸೆಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆ ಕಾಲದಲ್ಲಿ ಫೋಟೋ ತೆಗೆಸುವುದೆಂದರೆ ಮನೆತನದ ಅಂತಸ್ತನ್ನು ನಾಲ್ಕು ಜನರ ಮುಂದಿಡುವುದು. ನಡುವೆ ಕುರ್ಚಿಯಲ್ಲಿ ಯಜಮಾನರು: ಜರಿ ಪೇಟ, ಕ್ಲೋಸ್ ಕಾಲರ್ ಕೋಟು, ಅದರ ಮೇಲೆ ಇಳಿಬಿಟ್ಟ ಗಡಿಯಾರದ ಚೈನು, ಕೆಳಗೆ ಕಚ್ಚೆಪಂಚೆ. ಪಕ್ಕದ ಪುಟ್ಟ ಮೇಜಿನ ಮೇಲೆ ದಪ್ಪ ಪುಸ್ತಕ, ಹೂದಾನಿ. ಹಿಂದಿನ ಪರದೆಯಲ್ಲಿ ಯುರೋಪಿನ ಯಾವುದೋ ಅರಮನೆಯ ಕಂಬ, ಮೆಟ್ಟಿಲು. ಫೋಟೋ ಬರುವ ಮೊದಲು ಇಂಥ ಕಂಬ, ಪರದೆಗಳ ನಡುವೆ ಕೂತು ಚಿತ್ರ ಬರೆಸಿಕೊಳ್ಳುವ ಯೋಗ ರಾಜರಿಗೆ, ಸಿರಿವಂತರಿಗೆ ಮಾತ್ರ ಇತ್ತು. 1854ರಲ್ಲಿ ಪ್ಯಾರಿಸ್ಸಿನ ಫೋಟೋಗ್ರಾಫರ್ ಡಿಸ್ಡೆರಿ ಒಂದೇ ಗಾಜಿನ ಪ್ಲೇಟಿನಲ್ಲಿ ಎಂಟು ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಫೋಟೋದ ಬೆಲೆ ಇಳಿಯಿತು. ಬಾಂಬೆಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರುವಾದದ್ದೂ ಅದೇ ವರ್ಷ. ಆಮೇಲೆ ಆ ಕಂಬ, ಮೆಟ್ಟಿಲುಗಳು ಗುಮಾಸ್ತರಿಗೂ ವ್ಯಾಪಾರಿಗಳಿಗೂ ಸಿಕ್ಕವು.

ಮೇಜು, ಪುಸ್ತಕಗಳೆಲ್ಲ ಬಹುಮಟ್ಟಿಗೆ ಸ್ಟುಡಿಯೋದವು, ಎಷ್ಟೋ ಸಲ ಕೋಟೂ ಅಲ್ಲಿಯದೇ. ಎಲ್ಲ ಸುಳ್ಳು ಶೋಕಿ ಎಂದು ನಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಕ್ಷರ ಬಾರದವರೊಬ್ಬರು ಪುಸ್ತಕದ ಮೇಲೆ ಕೈಯಿಟ್ಟು ನಿಂತಿದ್ದರೆ ಅವರಿಗೆ ಏನು ಬೇಕಿತ್ತು ಎಂಬುದು ಅಲ್ಲೇ ಇದೆ.

ಹೆಂಗಸರ ಕಡೆ ನೋಡಿ. ಅಡ್ಡಿಕೆ, ಕಾಸಿನ ಸರ, ವಂಕಿ, ಡಾಬು, ಒಂದೂ ಸೆರಗಿನಲ್ಲಿ ಮರೆಯಾಗದಂತೆ ಕೂರಿಸಿರುತ್ತಾರೆ. ಮೊಗ್ಗಿನ ಜಡೆ ಹಾಕಿದ ಹುಡುಗಿಯಾದರೆ ಹಿಂದೆ ಕನ್ನಡಿಯಿಟ್ಟು ಜಡೆಯೂ ಬೀಳುವಂತೆ ತೆಗೆಯುತ್ತಿದ್ದರು. ಮುಖಕ್ಕೆ ಕ್ರಾಪ್ ಮಾಡಿದರೆ ಆ ಜಡೆಯೇ ಹೋಯಿತು! ಗೋಷಾ ಪದ್ಧತಿಯಲ್ಲಿ ಪರಪುರುಷರಿಗೆ ಮುಖ ತೋರಿಸದ ಹೆಣ್ಣುಮಕ್ಕಳಿಗೂ ಫೋಟೋ ತೆಗೆಸಿಕೊಳ್ಳುವ ಆಸೆ ಇತ್ತು. ಹೈದರಾಬಾದಿನಲ್ಲಿ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್ 1892ರಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಬ್ರಿಟಿಷ್ ಮಹಿಳೆಯ ಕೈಗೆ ಒಪ್ಪಿಸಿದ್ದರು.

ಇನ್ನು ಆ್ಯಪ್ ಬಳಿಯುವ ಬಣ್ಣ. ಚಿತ್ರ ಮೂಡಿಸಲು ಆಗ ಬಳಸುತ್ತಿದ್ದ ಗಾಜಿನ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ನೀಲಿ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಕೆಂಪು ಸೀರೆ ಕಪ್ಪಗೆ ಬೀಳುತ್ತಿತ್ತು, ತಿಳಿ ನೀಲಿ ಹೆಚ್ಚುಕಡಿಮೆ ಬೆಳ್ಳಗೆ, ಚಿನ್ನವೂ ಮಂಕು. ಅದಕ್ಕೇ ಕೆಲವರು ಪ್ರಿಂಟಿನ ಮೇಲೆ ಒಡವೆಗಳಿಗೆ ಕೈಯಿಂದಲೇ ಚಿನ್ನದ ಬಣ್ಣ ಹಚ್ಚಿಸುತ್ತಿದ್ದರು. ಮದುವೆಯ ಕೆಂಪು ಸೀರೆಗೆ ಆ್ಯಪ್ ಕಂದು ಬಣ್ಣ ಬಳಿದರೆ ಮುಂದಿನ ತಲೆಮಾರು ಅದನ್ನೇ ನಂಬುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಅಂಚು. ಮಗು ಅಲುಗದಂತೆ ಹಿಡಿದ ಯಾರದೋ ಕೈ, ಕುರ್ಚಿಯ ಹಿಂದೆ ಅರ್ಧ ಮಾತ್ರ ಕಾಣುವ ಕೆಲಸದವರು. ಅವರದೆಂದು ಬೇರೆ ಫೋಟೋ ಇರುವ ಸಾಧ್ಯತೆ ತೀರ ಕಡಿಮೆ. ಅವರನ್ನು ಕತ್ತರಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಬಣ್ಣ ಹಚ್ಚಲೇಬೇಕೆಂದರೆ ಹಚ್ಚಿ, ಮೂಲ ಫೋಟೋವನ್ನು ಮಾತ್ರ ಇಡಿಯಾಗಿ ಸ್ಕ್ಯಾನ್ ಮಾಡಿಡಿ. ಫೋಟೋ ಅಂಟಿಸಿದ ರಟ್ಟಿನ ಹಿಂಬದಿಯನ್ನೂ ಮಾಡಿ, ಸ್ಟುಡಿಯೋದ ಹೆಸರು, ಊರು ಹೆಚ್ಚಾಗಿ ಅಲ್ಲೇ ಅಚ್ಚಾಗಿರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಆ ಕಾಸಿನ ಸರ ಸ್ವಂತದ್ದೋ, ಫೋಟೋಗೆಂದು ಯಾರಿಂದಲಾದರೂ ಇಸಕೊಂಡದ್ದೋ, ಈಗ ಯಾರ ಬಳಿ ಇದೆ ಎಂದು ಕೇಳಿ ಬರೆದಿಡಿ. ಅಂಚಿನಲ್ಲಿ ನಿಂತವರ ಹೆಸರನ್ನೂ ಕೇಳಿ.