ಮನೆಯಲ್ಲಿ ಯಾರೂ ಇಲ್ಲ, ದಯವಿಟ್ಟು ಗಮನಿಸಿ

ರಜೆ ಶುರುವಾಗುತ್ತಿದ್ದಂತೆ ಆ ಹಿತವಚನದ ಪಟ್ಟಿ ಮತ್ತೆ ಮೊಬೈಲಿಗೆ ಬಂದು ಬಿದ್ದಿದೆ, ನಿಮಗೂ ಬಂದಿರುತ್ತದೆ. ಬೀಗ ಗಟ್ಟಿಯಾಗಿರಲಿ, ಕೀಲಿಕೈಯನ್ನು ಹೂಕುಂಡದ ಕೆಳಗೆ ಇಡಬೇಡಿ, ಪತ್ರಿಕೆ ಹಾಕುವವರಿಗೆ ಬೇಡವೆಂದು ಹೇಳಿ, ಪ್ರವಾಸದ ಸುದ್ದಿಯನ್ನು ಯಾರಿಗೂ ಬಿಟ್ಟುಕೊಡಬೇಡಿ ಇತ್ಯಾದಿ. ಇದನ್ನು ನಮ್ಮ ಗುಂಪಿಗೆ ಕಳುಹಿಸಿದ ಮಹನೀಯರು, ಎರಡೇ ನಿಮಿಷದ ಅಂತರದಲ್ಲಿ, ವಿಮಾನ ನಿಲ್ದಾಣದ ಗಾಜಿನ ಗೋಡೆಗೆ ಬೆನ್ನು ಕೊಟ್ಟು ಸಕುಟುಂಬರಾಗಿ ನಗುತ್ತಿರುವ ಚಿತ್ರವನ್ನೂ ಹಾಕಿ, ‘ಇನ್ನು ಹತ್ತು ದಿನ ಫೋನಿಗೆ ಸಿಗುವುದಿಲ್ಲ’ ಎಂದು ಬರೆದಿದ್ದರು. ಆ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಇದ್ದೇವೆ. ಅವರಲ್ಲಿ ಹೆಚ್ಚಿನವರ ಮುಖವನ್ನು ನಾನು ಕಂಡಿಲ್ಲ, ಅವರೂ ಕಂಡಿರಲಾರರು.

ಹಿಂದೆ ಕಳ್ಳನ ಬದುಕು ಎಷ್ಟು ಕಷ್ಟದ್ದಾಗಿತ್ತೆಂಬುದನ್ನು ನಾವು ಮರೆಯಬಾರದು. ಬೀದಿಯ ಮೂಲೆಯಲ್ಲಿ ದಿನಗಟ್ಟಲೆ ನಿಂತು, ಯಾರ ಬಾಗಿಲಲ್ಲಿ ಪತ್ರಿಕೆಗಳು ರಾಶಿ ಬಿದ್ದಿವೆ, ಯಾರ ಕಿಟಕಿ ಸಂಜೆಯಾದರೂ ಕತ್ತಲಾಗಿದೆ ಎಂದು ಅವನು ಲೆಕ್ಕ ಇಡಬೇಕಿತ್ತು. ಈ ದುಡಿಮೆಯಿಂದ ಅವನನ್ನು ಬಿಡುಗಡೆ ಮಾಡಿದ ಕೀರ್ತಿ ನಮ್ಮದು. 2010ರಲ್ಲಿ ನೆದರ್‌ಲ್ಯಾಂಡ್ಸಿನ ಕೆಲವು ತರುಣರು ‘ಪ್ಲೀಸ್ ರಾಬ್ ಮಿ’ ಎಂಬ ಜಾಲತಾಣವನ್ನೇ ತೆರೆದು, ತಾವು ಎಲ್ಲಿದ್ದೇವೆಂದು ಜನ ಸ್ವಯಂ ಸಾರಿಕೊಂಡಿದ್ದನ್ನೆಲ್ಲ ಒಂದೆಡೆ ಪೋಣಿಸಿ, ಯಾರ್ಯಾರು ಈಗ ಮನೆಯಲ್ಲಿಲ್ಲ ಎಂದು ತೋರಿಸಿದರು. ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ಈಗ ಅಂಥ ತಾಣದ ಅಗತ್ಯವೇ ಇಲ್ಲ. ಪೋಣಿಸುವ ಕೆಲಸವನ್ನೂ ನಾವೇ ವಹಿಸಿಕೊಂಡು, ಹೊರಡುವ ದಿನ, ಮರಳುವ ದಿನ, ಜೊತೆಗೆ ನಾಯಿಯನ್ನೂ ಕರೆದೊಯ್ಯುತ್ತಿರುವ ವಿವರ ಎಲ್ಲವನ್ನೂ ಚಿತ್ರಸಮೇತ ಒದಗಿಸುತ್ತಿದ್ದೇವೆ.

ಬೀಗದ ಮಾತು ಬಂದಾಗ ನನಗೆ ಲಂಡನ್ನಿನ ಬ್ರಾಮಾ ಬೀಗ ನೆನಪಾಗುತ್ತದೆ. ಅದನ್ನು ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿ, ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನವೆಂದು ಬರೆದಿದ್ದರು. ದಶಕಗಳ ಕಾಲ ಯಾರಿಂದಲೂ ಆಗಲಿಲ್ಲ. 1851ರ ಮಹಾ ಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಹಾಬ್ಸ್ ಎಂಬ ಬೀಗತಜ್ಞ ಅದರ ಮುಂದೆ ಕುಳಿತು ತೆರೆದೇಬಿಟ್ಟ. ಅವನಿಗೆ ಹಿಡಿದದ್ದು 16 ದಿನಗಳಲ್ಲಿ ಹರಡಿದ 51 ಗಂಟೆ. ಬೀಗ ತಯಾರಕರಿಗೆ ಅದು ಅವಮಾನವಾಗಿ ಕಂಡಿತಂತೆ. ನನಗಾದರೋ ಅದರಲ್ಲಿ ಕಾಣುವುದು ಬಿಡುವಿನ ಮಹಿಮೆ. ಯಾರೂ ಅಡ್ಡಿಪಡಿಸದ ಹದಿನಾರು ದಿನ ಸಿಕ್ಕರೆ ಯಾವ ಬೀಗವೂ ಬೀಗವಲ್ಲ. ನಮ್ಮ ಮಹನೀಯರು ಹತ್ತನ್ನು ಈಗಾಗಲೇ ಲಿಖಿತವಾಗಿ ಕೊಟ್ಟಾಗಿದೆ. ಅಷ್ಟಕ್ಕೂ ಇಂದಿನವರಿಗೆ ಹಾಬ್ಸನ ತಾಳ್ಮೆ ಇಲ್ಲ. ಅವರು ಹಿಂದಿನ ಕಿಟಕಿಯ ಚೌಕಟ್ಟನ್ನೇ ಮೀಟಿ ಒಳಗೆ ಹೋಗುತ್ತಾರೆ, ಮುಂಬಾಗಿಲಲ್ಲಿ ನಿಮ್ಮ ದುಬಾರಿ ಬೀಗ ಒಂದು ಗೀರೂ ಇಲ್ಲದೆ ತೂಗಾಡುತ್ತಿರುತ್ತದೆ.

ದೀಪಕ್ಕೆ ಟೈಮರ್ ಹಾಕುವ ಸಲಹೆಯನ್ನು ನಾನು ಒಮ್ಮೆ ಶ್ರದ್ಧೆಯಿಂದ ಪಾಲಿಸಿದ್ದೆ. ಮರಳಿದ ದಿನ ಪಕ್ಕದ ಮನೆಯವರು, ‘ಮೂರು ದಿನ ಸರಿಯಾಗಿ ಏಳು ಗಂಟೆಗೇ ನಿಮ್ಮ ಲೈಟು ಹತ್ತಿದ್ದು ನೋಡಿ, ಇವರು ಊರಲ್ಲಿಲ್ಲ ಅಂತ ಗೊತ್ತಾಯಿತು ಬಿಡಿ’ ಎಂದರು.

ಇನ್ನು ಕ್ಯಾಮೆರಾ. ‘ನಿಮ್ಮ ಬಾಗಿಲಲ್ಲಿ ಚಲನೆ ಕಂಡುಬಂದಿದೆ’ ಎಂದು ಅದು ದಿನಕ್ಕೆ ನಲವತ್ತು ಬಾರಿ ಕೂಗುತ್ತದೆ. ಮೂವತ್ತೊಂಬತ್ತು ಬಾರಿ ಬೆಕ್ಕು, ಅಥವಾ ಗಾಳಿಗೆ ಹೊರಳಿದ ಎಲೆ. ನಲವತ್ತನೆಯದರ ಹೊತ್ತಿಗೆ ನಾವು ಸದ್ದನ್ನು ಅಡಗಿಸಿರುತ್ತೇವೆ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು, ಕಾರ್ಖಾನೆಯಲ್ಲಿ ಹಾಕಿಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸುವುದಿಲ್ಲವೆಂಬ ಒಂದೇ ನಂಬಿಕೆಯ ಮೇಲೆ, ಅರವತ್ತರ ಆಸುಪಾಸು ಪಾಸ್‌ವರ್ಡುಗಳನ್ನು ಪ್ರಯತ್ನಿಸುತ್ತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡು, ಅವುಗಳಿಂದಲೇ ದಾಳಿ ನಡೆಸಿ ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಕೆಡವಿತ್ತು. ಬೇಲಿ ಎದ್ದು ಹೊಲ ಮೇಯ್ದ ಕಥೆಯಲ್ಲಿ ಬೇಲಿ ಮೇಯ್ದದ್ದು ಕಾಯಲಿಟ್ಟ ಹೊಲವನ್ನೇ. ಇಲ್ಲಿ ಅದು ಕಂಡವರ ಹೊಲಕ್ಕೂ ನುಗ್ಗಿತು. ಇಂಥ ಸುಲಭದ ಪಾಸ್‌ವರ್ಡುಗಳನ್ನು ಬ್ರಿಟನ್ ಕಾನೂನಿನ ಮೂಲಕ ನಿಷೇಧಿಸಿದ್ದು 2024ರ ಏಪ್ರಿಲಿನಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು, ಆದರೂ ಹಾಕಿದರಲ್ಲ.

ನಗೆ ಸಾಕು. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ: ಅದರಲ್ಲಿರುವ ಪ್ರತಿ ವಾಕ್ಯವೂ ಮನೆಯವರಿಗೆ ಹೇಳಿದ್ದು. ಕಳವಾದ ಮೇಲೆ ಕೇಳುವ ಪ್ರಶ್ನೆಗಳೂ ಅವರಿಗೇ. ಚಿನ್ನವನ್ನು ಮನೆಯಲ್ಲೇಕೆ ಇಟ್ಟಿರಿ, ಕ್ಯಾಮೆರಾ ಏಕೆ ಕೆಟ್ಟಿತ್ತು, ಫೋಟೊ ಏಕೆ ಹಾಕಿದಿರಿ, ಇಷ್ಟು ದಿನ ಹೋಗಲೇಬೇಕಿತ್ತೇ. ಬೀರುವಿನ ಬಟ್ಟೆಗಳೆಲ್ಲ ನೆಲದ ಮೇಲೆ ಚೆಲ್ಲಿರುವಾಗ, ಯಾರೋ ಮುಟ್ಟಿದ ಹಾಸಿಗೆಯ ಅಂಚಿನಲ್ಲಿ ಕುಳಿತು, ಆ ಮನೆಯಾಕೆ ಇದಕ್ಕೆಲ್ಲ ಸಮಜಾಯಿಷಿ ಕೊಡಬೇಕು. ಬಾಗಿಲು ಹಾಕಿಕೊಂಡು ಹೋಗುವುದು ತಪ್ಪಲ್ಲ, ಬಾಗಿಲು ಒಡೆಯುವುದು ತಪ್ಪು. ಇಷ್ಟನ್ನು ಎಷ್ಟು ಸಲ ಬರೆಯಬೇಕೋ, ಬರೆದು ಬರೆದು ಬೇಸರ ಬಂದಿದೆ.

ಅಂದಹಾಗೆ ನಮ್ಮ ಮಹನೀಯರು ನಿನ್ನೆ ರಾತ್ರಿ ಸುಖವಾಗಿ ಮರಳಿದರು. ಕೀಲಿಕೈಯನ್ನು ಹೋಟೆಲಿನಲ್ಲೇ ಮರೆತು ಬಂದಿದ್ದರಂತೆ. ಬೀಗ ಒಡೆಯುವವರ ನಂಬರ್ ಯಾರಲ್ಲಾದರೂ ಇದೆಯೇ ಎಂದು ಗುಂಪಿನಲ್ಲಿ ಕೇಳಿದರು. ನಿಮಿಷದೊಳಗೆ, ಹೆಸರೇ ಇಲ್ಲದ ಯಾವುದೋ ಸಂಖ್ಯೆಯಿಂದ ಉತ್ತರ ಬಂತು: ‘ಒಡೆಯುವುದು ಬೇಡ ಸರ್, ಎಡಗಡೆಯ ಎರಡನೆಯ ಹೂಕುಂಡದ ಕೆಳಗೆ ನೋಡಿ.’