ಅಮೆಜಾನ್ ಕಾಡು ಮತ್ತು ‘ಶೇ 20 ಆಮ್ಲಜನಕ’: ಒಂದು ಸ್ಪಷ್ಟನೆ

‘ಜಗತ್ತಿನ ಆಮ್ಲಜನಕದಲ್ಲಿ ಶೇ 20ರಷ್ಟನ್ನು ಅಮೆಜಾನ್ ಕಾಡೇ ಕೊಡುತ್ತದೆ; ಅದು ಸುಟ್ಟುಹೋದರೆ ನಮಗೆ ಉಸಿರಾಡಲು ಗಾಳಿಯಿಲ್ಲ’ ಎಂಬ ಸಂದೇಶ 2019ರ ಕಾಳ್ಗಿಚ್ಚಿನ ಸಮಯದಿಂದ ಹರಿದಾಡುತ್ತಲೇ ಇದೆ. ಇದು ಸರಿಯಲ್ಲ. ಅಲ್ಲಿನ ಮರಗಳು ಹಗಲು ಬಿಡುವ ಆಮ್ಲಜನಕವನ್ನು ಆ ಮರಗಳ ಉಸಿರಾಟ ಮತ್ತು ತರಗೆಲೆ ಕೊಳೆಸುವ ಸೂಕ್ಷ್ಮಜೀವಿಗಳೇ ಹೆಚ್ಚುಕಡಿಮೆ ಪೂರ್ತಿ ಬಳಸಿಬಿಡುತ್ತವೆ. ನಾವು ಉಸಿರಾಡುವ ಆಮ್ಲಜನಕ ಕೋಟ್ಯಂತರ ವರ್ಷಗಳಿಂದ ವಾತಾವರಣದಲ್ಲಿ ಸಂಗ್ರಹವಾದದ್ದು.

ಹಾಗೆಂದು ‘ಕಾಡು ಹೋದರೆ ನಷ್ಟವೇನು’ ಎನ್ನುವವರ ಮಾತನ್ನು ಖಂಡಿತ ಒಪ್ಪಲಾಗದು. ನಿಜವಾದ ಆತಂಕವಿರುವುದು ನೀರು ಮತ್ತು ಇಂಗಾಲದ ವಿಷಯದಲ್ಲಿ. ಅಟ್ಲಾಂಟಿಕ್‌ನಿಂದ ಬಂದ ತೇವಾಂಶ ಮಳೆಯಾಗಿ ಸುರಿದು, ಬೇರಿನಿಂದ ಎಲೆಗೇರಿ, ಆವಿಯಾಗಿ ಪಶ್ಚಿಮಕ್ಕೆ ಸಾಗಿ ಮತ್ತೆ ಸುರಿಯುತ್ತದೆ. ಆಂಡಿಸ್ ಪರ್ವತಗಳು ತಡೆದಾಗ ದಕ್ಷಿಣಕ್ಕೆ ತಿರುಗಿ ಪರಾಗ್ವೆ, ಉತ್ತರ ಅರ್ಜೆಂಟೀನಾದ ಹೊಲಗಳಿಗೂ ತಲುಪುತ್ತದೆ. ಮರ ಕಡಿದು ದನ ಮೇಯಿಸುವ ಬಯಲು ಮಾಡಿದಲ್ಲಿ ಈ ಸರಪಳಿ ತುಂಡಾಗುತ್ತದೆ.

ಬ್ರೆಜಿಲ್‌ನ ವಿಜ್ಞಾನಿ ಲೂಸಿಯಾನಾ ಗಾಟಿ ಅವರ ತಂಡ 2010ರಿಂದ 2018ರವರೆಗೆ ಸಣ್ಣ ವಿಮಾನಗಳಲ್ಲಿ ಸುಮಾರು 4 ಕಿಲೋಮೀಟರ್ ಎತ್ತರದಿಂದ ಕೆಳಗಿಳಿಯುತ್ತ, ಸೀಸೆಗಳಲ್ಲಿ ಗಾಳಿ ತುಂಬಿಕೊಂಡು ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಅಳೆಯಿತು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು: ಅಮೆಜಾನ್‌ನ ಆಗ್ನೇಯ ಭಾಗ ಹೀರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಬಿಡುತ್ತಿದೆ. ಹಂಚಿಕೊಳ್ಳುವುದಾದರೆ ದಯವಿಟ್ಟು ಈ ಸಂಗತಿಯನ್ನು ಹಂಚಿಕೊಳ್ಳಿ.